ಬೆನ್ನಿನ ಆಪರೇಷನ್ ಆದ ಮೇಲೂ ಸೊಂಟ ನೋವು ಬಿಟ್ಟಿಲ್ಲವೇ? ಪದೇ ಪದೇ ಕೇಳುವ ಪ್ರಶ್ನೆಗಳು

ಬೆನ್ನಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ನೋವು ಉಳಿದವರನ್ನು ನಾನು ಬಾಗಿಲಲ್ಲೇ ಗುರುತಿಸುತ್ತೇನೆ. ಕೈಯಲ್ಲಿ ಜವಳಿ ಅಂಗಡಿಯ ದೊಡ್ಡ ಚೀಲ, ಅದರೊಳಗೆ ನಾಲ್ಕೈದು ವರ್ಷಗಳ ಎಂಆರ್‌ಐ ಫಿಲ್ಮುಗಳು. ಕುರ್ಚಿ ತೋರಿಸಿದರೆ ಕುಳಿತುಕೊಳ್ಳುವುದಿಲ್ಲ. ನಿಂತೇ ಹೇಳುತ್ತೇನೆ ಎನ್ನುತ್ತಾರೆ. ನಾನು ಅರಿವಳಿಕೆ ವೈದ್ಯ, ಈಗ ಹೆಚ್ಚಿನ ಸಮಯ ನೋವಿನ ಚಿಕಿತ್ಸೆಗೇ ಮೀಸಲು. ವರ್ಷಗಳಿಂದ ಕೇಳಿಸಿಕೊಂಡ ಪ್ರಶ್ನೆಗಳನ್ನು ಆದಷ್ಟೂ ಕೇಳಿದವರ ಮಾತಿನಲ್ಲೇ ಇಲ್ಲಿಟ್ಟಿದ್ದೇನೆ. ಇದನ್ನು ಓದಿ ಯಾವ ಮಾತ್ರೆಯನ್ನೂ ಶುರು ಮಾಡಬೇಡಿ, ಯಾವುದನ್ನೂ ಬಿಡಬೇಡಿ. ನಿಮ್ಮ ವೈದ್ಯರ ಎದುರು ಏನು ಕೇಳಬೇಕು ಎಂಬುದನ್ನು ತಿಳಿಯಲು ಓದಿ.

ಆಪರೇಷನ್ ಚೆನ್ನಾಗಿ ಆಗಿದೆ ಎಂದರು. ಹಾಗಾದರೆ ನೋವೇಕೆ ಹೋಗಲಿಲ್ಲ?

ಎರಡು ಮಾತೂ ಒಟ್ಟಿಗೆ ನಿಜವಾಗಿರಬಹುದು. ಶಸ್ತ್ರಚಿಕಿತ್ಸೆ ಮಾಡುವುದು ಎರಡೇ ಕೆಲಸ: ನರದ ಮೇಲಿನ ಒತ್ತಡ ತೆಗೆಯುವುದು, ಅಲುಗಾಡುವ ಮೂಳೆಗಳನ್ನು ಸ್ಕ್ರೂ ರಾಡು ಹಾಕಿ ಕೂಡಿಸುವುದು. ನೋವು ಎಂಬುದು ಕತ್ತರಿಸಿ ತೆಗೆಯುವ ವಸ್ತುವಲ್ಲ. ತಿಂಗಳುಗಟ್ಟಲೆ ಒತ್ತಿಹೋಗಿದ್ದ ನರ, ಒತ್ತಡ ತೆಗೆದ ಮೇಲೂ ಸುಮ್ಮನಾಗದೆ ಇರಬಹುದು. ಒಂದು ಸಾಮಾನ್ಯ ನಿಯಮವನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಎಲ್ಲರಿಗೂ ಹೇಳಬೇಕಿತ್ತು, ಹಲವರಿಗೆ ಹೇಳಿರುವುದಿಲ್ಲ: ಕಾಲಿಗೆ ಇಳಿಯುವ ಸೆಳೆತಕ್ಕೆ ಆಪರೇಷನ್ ಚೆನ್ನಾಗಿ ಕೆಲಸ ಮಾಡುತ್ತದೆ, ಬರೀ ಸೊಂಟದ ನೋವಿಗೆ ಅಷ್ಟಾಗಿ ಮಾಡುವುದಿಲ್ಲ.

ಸೊಂಟದ ಶಸ್ತ್ರಚಿಕಿತ್ಸೆಯ ನಂತರ ನೋವು ಉಳಿಯುವವರ ಪ್ರಮಾಣವನ್ನು ಶೇ. 10ರಿಂದ 40ರವರೆಗೆ ಅಂದಾಜಿಸುತ್ತಾರೆ. ಅಂತರ ಇಷ್ಟು ದೊಡ್ಡದಾಗಲು ಕಾರಣವಿದೆ. ಡಿಸ್ಕ್‌ನ, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆಯ, ಸಣ್ಣ ತುಂಡು ತೆಗೆಯುವುದೂ ನಾಲ್ಕು ಮಟ್ಟದಲ್ಲಿ ರಾಡು ಹಾಕಿ ಮೂಳೆ ಕೂಡಿಸುವುದೂ ಒಂದೇ ಆಪರೇಷನ್ ಅಲ್ಲ. ಹೀಗೆ ಉಳಿಯುವ ನೋವಿಗೆ ಬಹಳ ಕಾಲ 'ಫೇಲ್ಡ್ ಬ್ಯಾಕ್ ಸರ್ಜರಿ ಸಿಂಡ್ರೋಮ್' ಎಂಬ ಹೆಸರಿತ್ತು. ಕೆಟ್ಟ ಹೆಸರು ಅದು. ರೋಗಿಗೆ ತನ್ನ ಬೆನ್ನೇ ಫೇಲಾಯಿತೆಂಬ ಭಾವನೆ, ಸರ್ಜನ್ನರಿಗೆ ತಮ್ಮ ಮೇಲೆ ಆರೋಪ ಬಂದಂತೆ. 2021ರಲ್ಲಿ ತಜ್ಞರ ತಂಡವೊಂದು 'ಪರ್ಸಿಸ್ಟೆಂಟ್ ಸ್ಪೈನಲ್ ಪೇನ್ ಸಿಂಡ್ರೋಮ್, ಟೈಪ್ 2' ಎಂಬ ಹೆಸರನ್ನು ಸೂಚಿಸಿತು. ಟೈಪ್ 2 ಎಂದರೆ ಆಪರೇಷನ್ ಆದವರದು, ಅಷ್ಟೇ. ನಿಮ್ಮ ಚೀಟಿಯಲ್ಲಿ ಎರಡರಲ್ಲಿ ಯಾವುದಾದರೂ ಇರಬಹುದು. ಎರಡೂ ಕಾಯಿಲೆಯ ಹೆಸರಲ್ಲ, ಕಾಯಿಲೆ ಹುಡುಕಬೇಕಾದ ಪೆಟ್ಟಿಗೆಯ ಹೆಸರು.

ಹೋದಲ್ಲೆಲ್ಲ 'ನೋವು ಯಾವಾಗಿನಿಂದ' ಎಂದೇ ಕೇಳುತ್ತಾರೆ. ಎಂಆರ್‌ಐ ನೋಡಿದರೆ ಗೊತ್ತಾಗುವುದಿಲ್ಲವೇ?

ಗೊತ್ತಾಗುವುದಿಲ್ಲ. ಈ ಒಂದು ಪ್ರಶ್ನೆಯ ಉತ್ತರದಲ್ಲಿ ಇರುವಷ್ಟು ಮಾಹಿತಿ ಎಷ್ಟೋ ಸಲ ಸ್ಕ್ಯಾನಿನಲ್ಲಿ ಇರುವುದಿಲ್ಲ. ಹಾಗಾಗಿ ಇದಕ್ಕೆ ಸ್ವಲ್ಪ ಹೆಚ್ಚು ಜಾಗ ಕೊಡುತ್ತೇನೆ.

ಆಪರೇಷನ್ ಆದ ಮೇಲೆ ಒಂದು ದಿನವೂ ಆರಾಮವಾಗಲಿಲ್ಲ, ಅದೇ ಜಾಗ, ಅದೇ ನೋವು ಎಂದರೆ ಒತ್ತಡ ಪೂರ್ತಿ ಬಿಡುಗಡೆಯಾಗಿಲ್ಲವೇನೋ, ನರ ಹೊರಬರುವ ಕಿಂಡಿ ಇನ್ನೂ ಇಕ್ಕಟ್ಟಾಗಿದೆಯೇನೋ, ಅಥವಾ ನೋವಿನ ಮೂಲ ಮೊದಲಿನಿಂದಲೂ ಬೇರೆಯೇ ಇತ್ತೇನೋ ಎಂದು ಯೋಚಿಸುತ್ತೇವೆ. ತೊಡೆಯ ಬುಡದ ಕೀಲು (ಹಿಪ್) ಸವೆದು ತೊಡೆಸಂದಿನಲ್ಲಿ ನೋವಿದ್ದವರು ಬೆನ್ನಿನ ಆಪರೇಷನ್ ಮಾಡಿಸಿಕೊಂಡು ಬಂದದ್ದನ್ನು ನಾನು ಕಂಡಿದ್ದೇನೆ. ಕಾಲು ಮಡಚಿ ಒಳಕ್ಕೆ ತಿರುಗಿಸಿ ನೋಡಿದ್ದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಎಚ್ಚರವಾದಾಗ ಹಳೆಯ ಸೆಳೆತ ಮಾಯವಾಗಿತ್ತು, ಆದರೆ ಹೊಸದೊಂದು ಉರಿ ಶುರುವಾಗಿತ್ತು ಎನ್ನುವವರಲ್ಲಿ ಸ್ಕ್ರೂ ನರಕ್ಕೆ ತಾಗುತ್ತಿದೆಯೇ, ನರ ನೊಂದಿದೆಯೇ ಎಂದು ನೋಡಬೇಕು. ಕೆಲವು ವಾರ ಚೆನ್ನಾಗಿದ್ದು, ಆಮೇಲೆ ರಾತ್ರಿಯೆಲ್ಲ ಮಲಗಲು ಬಿಡದ ಸೊಂಟ ನೋವು ಬಂದರೆ ಮೊದಲು ಸೋಂಕಿನ ಅನುಮಾನ. ಇಎಸ್‌ಆರ್, ಸಿಆರ್‌ಪಿ ಎಂಬ ಸರಳ ರಕ್ತಪರೀಕ್ಷೆಗಳನ್ನು ಅದೇ ದಿನ ಮಾಡಿಸಬೇಕು. ಮೂರು ತಿಂಗಳೋ ಒಂದು ವರ್ಷವೋ ಆರಾಮವಾಗಿದ್ದು, ಒಂದು ದಿನ ಬಕೆಟ್ ಎತ್ತಿದಾಗ 'ಚಳಕ್' ಎಂದು ಮತ್ತೆ ಕಾಲಿಗೆ ಇಳಿಯಿತು ಎಂದರೆ ಅದೇ ಡಿಸ್ಕ್ ಮತ್ತೆ ಜಾರಿರುವುದು ಹೆಚ್ಚು ಸಂಭವ. ನಿಧಾನವಾಗಿ, ತಿಂಗಳಿಂದ ತಿಂಗಳಿಗೆ ಮರಳಿ ಬಂದ ಎಳೆತವಾದರೆ ನರದ ಸುತ್ತ ಗಾಯದ ಅಂಗಾಂಶ ಬೆಳೆದಿರಬಹುದು. ರಾಡು ಹಾಕಿ ಹಲವು ವರ್ಷಗಳಾದ ಮೇಲೆ ನೋವು ಬಂದರೆ ಮೇಲಿನ ಅಥವಾ ಕೆಳಗಿನ ಕೀಲನ್ನು ಅನುಮಾನಿಸುತ್ತೇವೆ. ಎರಡು ಮೂಳೆ ಅಲುಗದಂತೆ ಕಟ್ಟಿದರೆ ಅವುಗಳ ಪಾಲಿನ ಬಾಗು ಬಳುಕು ಪಕ್ಕದವರ ಮೇಲೆ ಬೀಳುತ್ತದೆ. ಅವಿಭಕ್ತ ಕುಟುಂಬದಲ್ಲಿ ಒಬ್ಬರು ಕೆಲಸ ಬಿಟ್ಟಾಗ ಆಗುವ ಹಾಗೆ.

ಆದ್ದರಿಂದ ಬರುವ ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಆಪರೇಷನ್ ಆದ ತಾರೀಕು, ಎಷ್ಟು ದಿನ ಆರಾಮ, ನೋವು ಮರಳಿದ್ದು ಯಾವಾಗ, ಏನು ಮಾಡುತ್ತಿದ್ದಾಗ. ಡಿಸ್ಚಾರ್ಜ್ ಸಮ್ಮರಿ ಮತ್ತು ಆಪರೇಷನ್ ವಿವರದ ಪ್ರತಿಯನ್ನು ತನ್ನಿ. ಹತ್ತು ಫಿಲ್ಮುಗಳಿಗಿಂತ ಆ ಒಂದು ಹಾಳೆ ನನಗೆ ಮೇಲು.

ನೋವನ್ನು ಹೇಗೆ ವಿವರಿಸಬೇಕು?

ನಿಮ್ಮ ಮನೆಮಾತಿನಲ್ಲೇ. 'ರೇಡಿಯೇಟಿಂಗ್ ಪೇನ್' ಎಂದು ಗೂಗಲ್‌ನಿಂದ ಕಲಿತು ಬರಬೇಕಿಲ್ಲ. ಉರಿ, ಜೋಮು, ಇರುವೆ ಹರಿದಂತೆ, ಕರೆಂಟು ಹೊಡೆದಂತೆ, ಸೀರೆಯ ಅಂಚು ತಾಗಿದರೂ ಸಹಿಸಲಾಗದು ಎಂಬ ಮಾತುಗಳು ನರದ ನೋವನ್ನು ಸೂಚಿಸುತ್ತವೆ. ಹಿಡಿದಂತೆ, ಕಡಿತ, ಬಾಗಿ ಏಳುವಾಗ ಕಚ್ಚಿಕೊಳ್ಳುವುದು ಎಂದರೆ ಕೀಲು, ಸ್ನಾಯು, ಮೂಳೆಯ ಕಡೆಯದು. ನಡೆಯುತ್ತಾ ಹೋದಂತೆ ಕಾಲು ಭಾರವಾಗಿ, ಕುಳಿತರೆ ಅಥವಾ ಮುಂದೆ ಬಗ್ಗಿದರೆ ಸರಿಹೋಗುತ್ತದೆ ಎಂದರೆ ನರದ ಕಾಲುವೆ ಇಕ್ಕಟ್ಟಾಗಿರಬಹುದು. ಹಿಂಭಾಗದಲ್ಲಿ ಬೆಲ್ಟಿನ ಕೆಳಗೆ ಒಂದು ಪಕ್ಕದ ಗುಳಿಯನ್ನೇ ಬೆರಳಿಟ್ಟು ತೋರಿಸುವವರಿಗೆ ಸೇಕ್ರೋಇಲಿಯಾಕ್ ಕೀಲಿನ, ಅಂದರೆ ಬೆನ್ನುಮೂಳೆಯ ಬುಡ ಸೊಂಟದ ಎಲುಬಿಗೆ ಸೇರುವ ಕೀಲಿನ, ನೋವಿರಬಹುದು. ರಾಡು ಹಾಕಿಸಿಕೊಂಡವರಲ್ಲಿ ಇದು ಸಾಕಷ್ಟು ಸಾಮಾನ್ಯ, ಆದರೂ ಕಣ್ತಪ್ಪುತ್ತದೆ. ನೂರರಲ್ಲಿ ಕಾಲು ಎಷ್ಟು, ಸೊಂಟ ಎಷ್ಟು ಎಂದು ಪಾಲು ಹಾಕಿ ಹೇಳಿದರೆ ಚಿಕಿತ್ಸೆಯ ಅರ್ಧ ದಾರಿ ತೆರೆದಂತೆ.

ಯಾವಾಗ ಕಾಯದೆ ಆಸ್ಪತ್ರೆಗೆ ಓಡಬೇಕು?

ಮೂತ್ರ ಕಟ್ಟಿದರೆ, ತಿಳಿಯದೆ ಹೋದರೆ, ಮಲದ ಹಿಡಿತ ತಪ್ಪಿದರೆ, ಕುಳಿತಾಗ ಸೈಕಲ್ ಸೀಟು ತಾಗುವ ಜಾಗ ಮರಗಟ್ಟಿದರೆ ಅದೇ ಗಳಿಗೆ, ರಾತ್ರಿಯಾದರೂ ಸರಿ. ಪಾದ ಎತ್ತಲು ಆಗದೆ ಚಪ್ಪಲಿ ಜಾರಿ ಬೀಳುತ್ತಿದ್ದರೂ ಅಷ್ಟೇ. ಜ್ವರ, ಚಳಿ, ಹೊಲಿಗೆಯ ಜಾಗದಲ್ಲಿ ಕೀವು ಅಥವಾ ನೀರು, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದವರಲ್ಲಿ ಹೊಸ ನೋವು, ಬಿದ್ದ ಮೇಲೆ ಬಂದ ನೋವು, ಇವೂ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯುವಂಥವಲ್ಲ.

ಮತ್ತೆ ಎಂಆರ್‌ಐ ಬೇಕೇ? ಒಳಗೆ ಸ್ಕ್ರೂ ಇದೆ, ಯಂತ್ರ ಎಳೆದುಕೊಳ್ಳುವುದಿಲ್ಲವೇ?

ಈಗಿನ ಸ್ಕ್ರೂಗಳು ಬಹುತೇಕ ಟೈಟೇನಿಯಂನವು, ಎಂಆರ್‌ಐ ಮಾಡಿಸಬಹುದು. ಸ್ಕ್ಯಾನಿನವರಿಗೆ ಮೊದಲೇ ತಿಳಿಸಿ. ಲೋಹದ ಸುತ್ತ ಚಿತ್ರ ಸ್ವಲ್ಪ ಮಸುಕಾಗುತ್ತದೆ, ಅಷ್ಟೇ. ಡಿಸ್ಕ್ ತೆಗೆಸಿಕೊಂಡವರಿಗೆ ಗ್ಯಾಡೊಲಿನಿಯಂ ಎಂಬ ಔಷಧ ಕೊಟ್ಟು ಚಿತ್ರ ತೆಗೆಯುವುದು ಉಪಯುಕ್ತ. ರಕ್ತನಾಳಗಳಿರುವ ಗಾಯದ ಅಂಗಾಂಶ ಆ ಔಷಧದಿಂದ ಬೆಳಗುತ್ತದೆ, ಮತ್ತೆ ಜಾರಿದ ಡಿಸ್ಕ್ ತುಂಡು ಬೆಳಗುವುದಿಲ್ಲ. ಎರಡನ್ನೂ ಬೇರ್ಪಡಿಸಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಔಷಧ ಕೊಡುವ ಮೊದಲು ಕಿಡ್ನಿಯ ಸ್ಥಿತಿ ತಿಳಿಯಲು ಕ್ರಿಯಾಟಿನಿನ್ ನೋಡುತ್ತಾರೆ. ಮೂಳೆ ಕೂಡಿದೆಯೇ, ಸ್ಕ್ರೂ ಸಡಿಲವಾಗಿದೆಯೇ ಎಂದು ತಿಳಿಯಲು ಸಿಟಿ ಸ್ಕ್ಯಾನ್ ಮೇಲು. ನಿಂತು, ಬಗ್ಗಿ, ಹಿಂದಕ್ಕೆ ಬಾಗಿ ತೆಗೆಸುವ ಎಕ್ಸ್‌ರೇ ಅಗ್ಗದ್ದು, ಆದರೆ ಮಲಗಿಸಿ ತೆಗೆದ ಎಂಆರ್‌ಐಯಲ್ಲಿ ಕಾಣದ ಅಲುಗಾಟವನ್ನು ಅದು ತೋರಿಸುತ್ತದೆ.

ವರದಿಯಲ್ಲಿ 'ಫೈಬ್ರೋಸಿಸ್' ಎಂದು ಬರೆದಿರುವುದನ್ನು ನೋಡಿ ಹೆದರಬೇಡಿ. ಚರ್ಮ ಕೊಯ್ದರೆ ಕಲೆ ಉಳಿಯುವಂತೆ ಒಳಗೂ ಉಳಿಯುತ್ತದೆ. ಒಂದಿಷ್ಟೂ ನೋವಿಲ್ಲದೆ ಗದ್ದೆಯ ಬದುವಿನ ಮೇಲೆ ಓಡಾಡುವವರ ಸ್ಕ್ಯಾನಿನಲ್ಲೂ ಅದು ಇರುತ್ತದೆ.

ಮೂರು ವರ್ಷದಿಂದ ಮೆಡಿಕಲ್ ಶಾಪಿನ ನೋವಿನ ಮಾತ್ರೆಯಲ್ಲೇ ದಿನ ದೂಡುತ್ತಿದ್ದೇನೆ. ಪರವಾಗಿಲ್ಲವೇ?

ಇಲ್ಲ, ಅದು ಸರಿಯಲ್ಲ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ಮಾತ್ರೆಗಳು ನೋವು ಉಲ್ಬಣಿಸಿದ ಕೆಲವು ದಿನಗಳಿಗೆ ಒಳ್ಳೆಯವು. ವರ್ಷಗಟ್ಟಲೆ ತಿಂದರೆ ಹೊಟ್ಟೆಯಲ್ಲಿ ಹುಣ್ಣು, ರಕ್ತದೊತ್ತಡ, ಕಿಡ್ನಿ ಎಲ್ಲಕ್ಕೂ ತೊಂದರೆ. ಬಿಪಿಗೆಂದು ಕೊಟ್ಟ ಕೆಲವು ಮಾತ್ರೆಗಳು, ಮೂತ್ರ ಹೆಚ್ಚಿಸುವ ಮಾತ್ರೆ, ಜೊತೆಗೆ ಇದು ಎಂಬ ಮೂರರ ಕೂಟವಂತೂ ಕಿಡ್ನಿಗೆ ನೇರ ಪೆಟ್ಟು. ರಾಮನಗರದ ರಾಮದೇವರ ಬೆಟ್ಟದ ರಣಹದ್ದುಗಳ ಕಥೆ ನಿಮಗೆ ಗೊತ್ತಿರಬಹುದು. ದೇಶದಾದ್ಯಂತ ರಣಹದ್ದುಗಳು ಅಳಿವಿನಂಚಿಗೆ ಬಂದದ್ದು ದನಗಳಿಗೆ ಕೊಟ್ಟ ಇದೇ ಡೈಕ್ಲೋಫೆನಾಕ್‌ನಿಂದ. ಸತ್ತ ದನ ತಿಂದ ಹಕ್ಕಿಗಳ ಕಿಡ್ನಿ ಕೆಡುತ್ತಿತ್ತು. 2006ರಲ್ಲಿ ಪಶುಗಳಿಗೆ ಅದನ್ನು ನಿಷೇಧಿಸಿದರು. ಮನುಷ್ಯರ ಸೀಸೆಗಳು ಕೊಟ್ಟಿಗೆ ಸೇರುವುದನ್ನು ತಡೆಯಲು 2015ರಲ್ಲಿ 3 ಮಿಲಿಲೀಟರಿನ ಒಂದೇ ಡೋಸಿನ ಸೀಸೆಗೆ ಇಳಿಸಿದರು. ನಮ್ಮ ಕಿಡ್ನಿ ಹದ್ದಿನದಷ್ಟು ನಾಜೂಕಲ್ಲ, ನಿಜ. ಆದರೆ ದಿನಕ್ಕೆರಡರಂತೆ ಮೂರು ವರ್ಷ ತಿಂದಾಗ ಅದೂ ಲೆಕ್ಕ ಕೇಳುತ್ತದೆ.

ಇನ್ನೊಂದು ಗುಟ್ಟು: ಬಣ್ಣದ ಪಟ್ಟಿಯಲ್ಲಿ ಬರುವ ಹಲವು ಮಾತ್ರೆಗಳಲ್ಲಿ ಎರಡು ಮೂರು ಔಷಧ ಕೂಡಿರುತ್ತವೆ, ಅದರಲ್ಲೊಂದು ಪ್ಯಾರಸಿಟಮಾಲ್. ಜ್ವರವೆಂದು ಮೇಲೆ ಇನ್ನೊಂದು ಪ್ಯಾರಸಿಟಮಾಲ್ ನುಂಗಿದರೆ ಲಿವರ್‌ಗೆ ಹೊರೆ. ಪಟ್ಟಿಯ ಹಿಂಬದಿಯ ಸಣ್ಣ ಅಕ್ಷರವನ್ನು ಮನೆಯ ಮಕ್ಕಳಿಂದಾದರೂ ಓದಿಸಿ. ಯಾವುದೇ ಲೇಬಲ್ ಇಲ್ಲದ, 'ಒಂದೇ ವಾರದಲ್ಲಿ ಗುಣ' ಎನ್ನುವ ಪುಡಿ ಗುಳಿಗೆಗಳನ್ನು ಮುಟ್ಟಬೇಡಿ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು.

ನರದ ನೋವಿಗೆ ಬೇರೆಯದೇ ಔಷಧಗಳು: ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್, ಡುಲೋಕ್ಸೆಟಿನ್, ಅಮಿಟ್ರಿಪ್ಟಿಲಿನ್. ಕಡಿಮೆಯಿಂದ ಶುರುಮಾಡಿ ಏರಿಸುತ್ತೇವೆ. ತಲೆಸುತ್ತು, ಮಂಪರು, ಕಾಲೂತ, ತೂಕ ಹೆಚ್ಚುವುದು ಪ್ರಿಗ್ಯಾಬಲಿನ್‌ನ ಸಾಮಾನ್ಯ ಕಿರಿಕಿರಿಗಳು. ಕಿಡ್ನಿ ಸೋತವರಿಗೆ ಪ್ರಮಾಣ ಇಳಿಸಬೇಕು. ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಕಾಲಿನ ಸೆಳೆತವಿದ್ದ 209 ಮಂದಿಯ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಪ್ರಿಗ್ಯಾಬಲಿನ್ ಔಷಧವೇ ಇಲ್ಲದ ಹುಸಿಮಾತ್ರೆಗಿಂತ ಮೇಲೆನಿಸಲಿಲ್ಲ. ಅವರೆಲ್ಲ ಆಪರೇಷನ್ ಆದವರಲ್ಲ, ಆದರೂ ನಾನು ಅದರಿಂದ ಕಲಿತದ್ದಿಷ್ಟು: ಸರಿಯಾದ ಪ್ರಮಾಣದಲ್ಲಿ ಆರೆಂಟು ವಾರ ಕೊಟ್ಟು ನೋಡುವುದು, ಫಲವಿಲ್ಲದಿದ್ದರೆ ನಿಧಾನವಾಗಿ ಇಳಿಸಿ ನಿಲ್ಲಿಸುವುದು. ಐದು ವರ್ಷದಿಂದ ನುಂಗುತ್ತಿದ್ದೇನೆ, ಉಪಯೋಗವಾಗುತ್ತಿದೆಯೋ ಇಲ್ಲವೋ ಗೊತ್ತಿಲ್ಲ ಎನ್ನುವವರು ಬಹಳ. ತಟ್ಟನೆ ಮಾತ್ರ ಬಿಡಬೇಡಿ.

ಟ್ರಮಡಾಲ್, ಟ್ಯಾಪೆಂಟಡಾಲ್‌ನಂಥವು ಅಫೀಮಿನ ನೆಂಟರು. ಟ್ರಮಡಾಲ್ 2018ರಿಂದ ಮಾದಕ ವಸ್ತು ಕಾಯ್ದೆಯ ವ್ಯಾಪ್ತಿಗೆ ಬಂದಿದೆ, ಅಂಗಡಿಯವರು ಚೀಟಿಯಿಲ್ಲದೆ ಕೊಡದಿದ್ದರೆ ಜಗಳವಾಡಬೇಡಿ. ಅಲ್ಪಾವಧಿಗೆ ಸರಿ. ದೀರ್ಘಕಾಲ ತೆಗೆದುಕೊಂಡರೆ ಮಲಬದ್ಧತೆ, ಅಭ್ಯಾಸಬಲ, ಕೆಲವರಲ್ಲಿ ನೋವಿನ ಸಂವೇದನೆಯೇ ಹೆಚ್ಚುವುದು. ಖಿನ್ನತೆಯ ಮಾತ್ರೆ ತೆಗೆದುಕೊಳ್ಳುತ್ತಿರುವವರು, ಫಿಟ್ಸ್ ಇರುವವರು ಟ್ರಮಡಾಲ್‌ಗೆ ಮೊದಲು ಅದನ್ನು ಹೇಳಲೇಬೇಕು.

ನೋವಿಗೆ ಹೋದರೆ ಮಾನಸಿಕ ಕಾಯಿಲೆಯ ಮಾತ್ರೆ ಬರೆದಿದ್ದಾರೆ. ನನಗೆ ಹುಚ್ಚು ಎಂದುಕೊಂಡರೇ?

ಇಲ್ಲ. ಬೆನ್ನುಹುರಿಯಲ್ಲಿ ನೋವಿನ ಸಂದೇಶವನ್ನು ತಗ್ಗಿಸುವ ರಾಸಾಯನಿಕಗಳು ಮತ್ತು ಮನಸ್ಸಿನ ಭಾವವನ್ನು ನಿಭಾಯಿಸುವ ರಾಸಾಯನಿಕಗಳು ಒಂದೇ. ಆದ್ದರಿಂದ ಡುಲೋಕ್ಸೆಟಿನ್ ಎರಡಕ್ಕೂ ಕೆಲಸ ಮಾಡುತ್ತದೆ. ಅಮಿಟ್ರಿಪ್ಟಿಲಿನ್ ಅನ್ನು ನಾವು ರಾತ್ರಿ 10 ಮಿಲಿಗ್ರಾಂನಿಂದ ಆರಂಭಿಸುತ್ತೇವೆ, ಖಿನ್ನತೆಗೆ ಕೊಡುವ ಪ್ರಮಾಣ ಅದಕ್ಕಿಂತ ಎಷ್ಟೋ ಹೆಚ್ಚು.

ಹಾಗೆಂದು ಮನಸ್ಸನ್ನು ಬದಿಗಿಡಲೂ ಆಗದು. ಎರಡು ವರ್ಷ ನಿದ್ದೆಗೆಟ್ಟು, ಕೆಲಸ ಬಿಟ್ಟು, 'ಇಷ್ಟು ಖರ್ಚು ಮಾಡಿದರೂ ಇನ್ನೂ ನೋವೇ?' ಎಂಬ ಮನೆಯವರ ಮಾತು ಕೇಳಿದವರ ಮನಸ್ಸು ಕುಗ್ಗದೆ ಇರುತ್ತದೆಯೇ? ಕುಗ್ಗಿದ ಮನಸ್ಸು ನೋವನ್ನು ಹಿಗ್ಗಿಸುತ್ತದೆ. ಆಲೋಚನೆ ಮತ್ತು ನಡವಳಿಕೆಯ ಚಿಕಿತ್ಸೆ ನೋವನ್ನು ಅಳಿಸುವುದಿಲ್ಲ, ಅದರ ಭಯವನ್ನು ಇಳಿಸುತ್ತದೆ, ಅದರಿಂದ ನಡಿಗೆ ಮರಳುತ್ತದೆ. ಬದುಕೇ ಬೇಡವೆನ್ನಿಸಿದ ರಾತ್ರಿಗಳಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ. ಉಚಿತ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು.

ವ್ಯಾಯಾಮ ಮಾಡಿದರೆ ನೋವು ಹೆಚ್ಚುತ್ತದೆ. ಮಲಗಿರುವುದೇ ಒಳ್ಳೆಯದಲ್ಲವೇ?

ಇದು ನಾನು ಅತಿ ಹೆಚ್ಚು ಸೋಲುವ ವಾದ. ಆದರೂ ಹೇಳುತ್ತೇನೆ.

ಆಪರೇಷನ್ ಮಾಡುವಾಗ ಬೆನ್ನುಮೂಳೆಗೆ ಅಂಟಿಕೊಂಡ ಮಲ್ಟಿಫಿಡಸ್ ಎಂಬ ಆಳದ ಸ್ನಾಯುವನ್ನು ಬಿಡಿಸಬೇಕಾಗುತ್ತದೆ. ಎಂಆರ್‌ಐಯಲ್ಲಿ ಆ ಜಾಗದಲ್ಲಿ ಸ್ನಾಯು ಸೊರಗಿ ಕೊಬ್ಬು ತುಂಬಿರುವುದನ್ನು ನಾನು ದಿನವೂ ನೋಡುತ್ತೇನೆ. ಮಲಗಿದಷ್ಟೂ ಅದು ಇನ್ನಷ್ಟು ಸೊರಗುತ್ತದೆ. ಬೆನ್ನು ದುರ್ಬಲವಾಗಿದೆ ಎಂದು ಮಲಗುವುದು, ಮಲಗಿದ್ದರಿಂದ ದುರ್ಬಲವಾಗುವುದು. ಈ ಸುತ್ತನ್ನು ಯಾವ ಇಂಜೆಕ್ಷನ್ನೂ ಮುರಿಯುವುದಿಲ್ಲ.

ತಪ್ಪು ಆಗುವುದು ಪ್ರಮಾಣದಲ್ಲಿ. ನೋವು ಕಡಿಮೆಯಿರುವ ದಿನ ಬಾಕಿ ಉಳಿದ ಕೆಲಸವನ್ನೆಲ್ಲ ಮುಗಿಸುವ ದುರಾಸೆ: ಮನೆಯೆಲ್ಲ ಒರೆಸಿ, ಅಟ್ಟ ತೆಗೆದು, ಹಿತ್ತಲ ಕಳೆ ಕಿತ್ತು, ಮರುದಿನದಿಂದ ನಾಲ್ಕು ದಿನ ಹಾಸಿಗೆ. ಆಮೇಲೆ 'ವ್ಯಾಯಾಮ ನನಗೆ ಆಗುವುದಿಲ್ಲ' ಎಂಬ ತೀರ್ಪು. ಇದಕ್ಕೆ ಮದ್ದು ಗಡಿಯಾರ. ನೋವು ತಾಳಿಕೊಂಡು ಎಂಟು ನಿಮಿಷ ನಡೆಯಬಲ್ಲಿರಾದರೆ ಆರು ನಿಮಿಷ ನಡೆಯಿರಿ, ದಿನಕ್ಕೆ ಮೂರು ಸಲ. ಒಳ್ಳೆಯ ದಿನವೂ ಆರೇ, ಕೆಟ್ಟ ದಿನವೂ ಆರೇ. ವಾರಕ್ಕೊಮ್ಮೆ ಒಂದು ನಿಮಿಷ ಏರಿಸಿ. ಸಂಜೆಯ ನೋವು ಮರುದಿನ ಬೆಳಗ್ಗೆ ಮೊದಲಿನ ಮಟ್ಟಕ್ಕೆ ಇಳಿದಿದ್ದರೆ ಹಾನಿಯಾಗಿಲ್ಲ ಎಂದು ತಿಳಿಯಿರಿ.

ಫಿಸಿಯೋಥೆರಪಿ ಎಂದರೆ ಹತ್ತು ದಿನ ಯಂತ್ರದ ಕೆಳಗೆ ಮಲಗಿ ಬರುವುದು ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. ಬಿಸಿ, ಕರೆಂಟು ಎರಡೂ ತಾತ್ಕಾಲಿಕ. ನಿಮ್ಮನ್ನು ಎದ್ದು ನಿಲ್ಲಿಸಿ, ಬಗ್ಗುವುದು, ಎತ್ತುವುದು, ಕುಕ್ಕರಗಾಲಿನಿಂದ ಏಳುವುದು ಇವನ್ನು ಹೊಸದಾಗಿ ಕಲಿಸುವ ಫಿಸಿಯೋಥೆರಪಿಸ್ಟ್ ಸಿಕ್ಕರೆ ಬಿಡಬೇಡಿ. ರಾಡು ಹಾಕಿಸಿಕೊಂಡವರಲ್ಲಿ ಮೂಳೆ ಕೂಡಲು ಆರು ತಿಂಗಳಿಂದ ವರ್ಷ ಹಿಡಿಯುತ್ತದೆ. ಅಲ್ಲಿಯವರೆಗೆ ಸರ್ಜನ್ನರ ಅಪ್ಪಣೆಯಿಲ್ಲದೆ ಭಾರ ಮತ್ತು ತಿರುಚುವ ವ್ಯಾಯಾಮ ಬೇಡ. ಬೀಡಿ, ಸಿಗರೇಟು ಸೇದುವವರ ಮೂಳೆ ಕೂಡುವುದು ನಿಧಾನ, ಕೆಲವರಲ್ಲಿ ಕೂಡುವುದೇ ಇಲ್ಲ.

ಬೆನ್ನಿಗೆ ಇಂಜೆಕ್ಷನ್ ಎಂದರೆ ಭಯ. ಅದರಿಂದ ಗುಣವಾಗುತ್ತದೆಯೇ?

'ಬೆನ್ನಿಗೆ ಇಂಜೆಕ್ಷನ್' ಒಂದಲ್ಲ, ಹಲವು. ನರದ ಸುತ್ತ ಸ್ಟೀರಾಯ್ಡ್ ಕೊಡುವುದು ಕಾಲಿನ ನೋವಿಗೆ. ಕೆಲವು ವಾರ, ಕೆಲವೊಮ್ಮೆ ಕೆಲವು ತಿಂಗಳ ಸಮಾಧಾನ. ಆ ಬಿಡುವಿನಲ್ಲಿ ನಡಿಗೆ ಶುರುಮಾಡಿದವರಿಗೆ ಲಾಭ, ಬರೀ ಮುಂದಿನ ಇಂಜೆಕ್ಷನ್‌ಗೆ ಕಾದವರಿಗೆ ಅಲ್ಲ. ಸಕ್ಕರೆ ಕಾಯಿಲೆಯವರಿಗೆ ಒಂದೆರಡು ವಾರ ಸಕ್ಕರೆ ಏರಬಹುದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ಹೇಳಬೇಕು, ಹೃದಯದ ವೈದ್ಯರನ್ನು ಕೇಳದೆ ತಾವೇ ನಿಲ್ಲಿಸಬಾರದು. ಆಪರೇಷನ್ ಆದ ಬೆನ್ನಿನಲ್ಲಿ ಒಳಗಿನ ನಕ್ಷೆ ಬದಲಾಗಿರುತ್ತದೆ. ಎಕ್ಸ್‌ರೇ ಪರದೆ ನೋಡಿಕೊಂಡೇ ಸೂಜಿ ಹಾಕಿಸಿಕೊಳ್ಳಿ. ಕೈಯಂದಾಜಿನಲ್ಲಿ ಕೊಡುವ ಕಡೆ ಬೇಡ.

ನರಕ್ಕೆ ಅಂಟಿಕೊಂಡ ಗಾಯದ ಅಂಗಾಂಶವನ್ನು ತೆಳುವಾದ ಕೊಳವೆ ತೂರಿಸಿ ಔಷಧದಿಂದ ಬಿಡಿಸುವ ಅಡೀಸಿಯೋಲೈಸಿಸ್ ಎಂಬ ಕ್ರಮವೂ ಇದೆ. ಆಯ್ದ ಕೆಲವರಿಗೆ ಅದು ನೆರವಾಗುತ್ತದೆ. ಗಾಯದ ಅಂಗಾಂಶಕ್ಕೆಂದೇ ಮತ್ತೆ ಬೆನ್ನು ತೆರೆಯುವುದು ಮಾತ್ರ ಸಾಮಾನ್ಯವಾಗಿ ಬುದ್ಧಿವಂತಿಕೆಯಲ್ಲ. ತೆಗೆದ ಜಾಗದಲ್ಲಿ ಮತ್ತೆ ಅದೇ ಬೆಳೆಯುತ್ತದೆ.

ಸೊಂಟದ ನೋವು ಬೆನ್ನುಮೂಳೆಗಳ ಹಿಂಬದಿಯ ಸಣ್ಣ ಫೆಸೆಟ್ ಕೀಲುಗಳಿಂದಲೋ ಸೇಕ್ರೋಇಲಿಯಾಕ್ ಕೀಲಿನಿಂದಲೋ ಬರುತ್ತಿದೆಯೇ ಎಂದು ತಿಳಿಯಲು ಮೊದಲು ಮರಗಟ್ಟಿಸುವ ಔಷಧವನ್ನಷ್ಟೇ ಕೊಟ್ಟು ಪರೀಕ್ಷಿಸುತ್ತೇವೆ. ಕೆಲವು ಗಂಟೆ ನೋವು ಗಣನೀಯವಾಗಿ ಇಳಿದರೆ ಕಳ್ಳ ಸಿಕ್ಕಿದಂತೆ. ಆಗ ರೇಡಿಯೋಫ್ರೀಕ್ವೆನ್ಸಿ ಎಂಬ ಶಾಖದಿಂದ ಆ ಕೀಲಿನ ಸಂವೇದನೆ ಒಯ್ಯುವ ಎಳೆಯಂಥ ನರವನ್ನು ಸುಡುತ್ತೇವೆ. ಕಾಲಿನ ಬಲಕ್ಕೂ ಆ ನರಕ್ಕೂ ಸಂಬಂಧವಿಲ್ಲ. ಆರು ತಿಂಗಳಿಂದ ವರ್ಷ, ಕೆಲವರಲ್ಲಿ ಇನ್ನೂ ಹೆಚ್ಚು ಆರಾಮ. ನರ ಮತ್ತೆ ಬೆಳೆದಾಗ ಪುನಃ ಮಾಡಬಹುದು. ಪರೀಕ್ಷೆಯ ಇಂಜೆಕ್ಷನ್ ಇಲ್ಲದೆ ನೇರವಾಗಿ ಸುಡಲು ಹೊರಟರೆ ಏಕೆಂದು ಕೇಳಿ.

ಬೆನ್ನಿನೊಳಗೆ ಪೇಸ್‌ಮೇಕರ್‌ನಂಥದು ಹಾಕುತ್ತಾರಂತೆ, ಹೌದೇ?

ಹೌದು, ಅದರ ಹೆಸರು ಸ್ಪೈನಲ್ ಕಾರ್ಡ್ ಸ್ಟಿಮ್ಯುಲೇಟರ್: ಬೆನ್ನುಹುರಿಗೆ ಸಣ್ಣ ವಿದ್ಯುತ್ ಪ್ರಚೋದನೆ ಕೊಟ್ಟು ನೋವು ತಗ್ಗಿಸುವ ಯಂತ್ರ. 1965ರಲ್ಲಿ ಮೆಲ್ಜ್ಯಾಕ್ ಮತ್ತು ವಾಲ್ ಎಂಬಿಬ್ಬರು ಬೆನ್ನುಹುರಿಯಲ್ಲಿ ನೋವಿಗೊಂದು ಬಾಗಿಲಿದೆ, ಬೇರೆ ಸ್ಪರ್ಶಗಳು ಅದನ್ನು ಮುಚ್ಚಬಲ್ಲವು ಎಂಬ ಸಿದ್ಧಾಂತ ಮಂಡಿಸಿದರು. ಮೊಣಕೈ ತಗುಲಿದಾಗ ನಾವು ಥಟ್ಟನೆ ಉಜ್ಜಿಕೊಳ್ಳುತ್ತೇವಲ್ಲ, ಅದೇ ತತ್ವ. ಎರಡೇ ವರ್ಷಕ್ಕೆ, 1967ರಲ್ಲಿ, ಅಮೆರಿಕದ ನಾರ್ಮನ್ ಶೀಲಿ ಮೊದಲ ವಿದ್ಯುತ್ ತಂತಿಯನ್ನು ರೋಗಿಯೊಬ್ಬರ ಬೆನ್ನುಹುರಿಯ ಬಳಿ ಅಳವಡಿಸಿದರು. ಈಗ ಬೆನ್ನುಹುರಿಯ ಹಿಂದಿನ ಜಾಗಕ್ಕೆ ಸೂಜಿಯ ಮೂಲಕ ತಂತಿ ತೂರಿಸಿ, ಬ್ಯಾಟರಿಯನ್ನು ಚರ್ಮದಡಿ ಇಡುತ್ತಾರೆ. ಮೊದಲು ಸುಮಾರು ಒಂದು ವಾರ ಬ್ಯಾಟರಿ ಹೊರಗಿಟ್ಟೇ ಪರೀಕ್ಷೆ. ನೋವು ಅರ್ಧಕ್ಕಾದರೂ ಇಳಿದರೆ ಮಾತ್ರ ಮುಂದಿನ ಹೆಜ್ಜೆ.

ಫಲ ಎಷ್ಟು? 2007ರಲ್ಲಿ ಪ್ರಕಟವಾದ, ಆಪರೇಷನ್ ನಂತರವೂ ಕಾಲುನೋವೇ ಪ್ರಧಾನವಾಗಿ ಉಳಿದ 100 ಮಂದಿಯ ಪ್ರಯೋಗದಲ್ಲಿ, ಆರು ತಿಂಗಳಿಗೆ ಯಂತ್ರ ಹಾಕಿದವರಲ್ಲಿ ಶೇ. 48 ಮಂದಿಗೆ, ಬರೀ ಔಷಧೋಪಚಾರದವರಲ್ಲಿ ಶೇ. 9 ಮಂದಿಗೆ ಕಾಲಿನ ನೋವು ಅರ್ಧಕ್ಕಿಂತ ಕೆಳಗಿಳಿಯಿತು. ಆದರೆ ಯಾರಿಗೆ ಯಂತ್ರ ಇದೆಯೆಂಬುದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. 2022ರ ನಾರ್ವೆಯ ಪ್ರಯೋಗದಲ್ಲಿ 50 ಮಂದಿಗೂ ಯಂತ್ರ ಹಾಕಿ, ಕೆಲವು ತಿಂಗಳು ಚಾಲೂ, ಕೆಲವು ತಿಂಗಳು ಗುಟ್ಟಾಗಿ ಬಂದ್ ಮಾಡಿ ನೋಡಿದಾಗ ಬರ್ಸ್ಟ್ ಎಂಬ ಬಗೆಯ ಪ್ರಚೋದನೆಯಿಂದ ಓಡಾಟದ ಸಾಮರ್ಥ್ಯದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ವಾದ ಇನ್ನೂ ಮುಗಿದಿಲ್ಲ. ನನ್ನ ನಿಲುವು ಇಷ್ಟು: ಕಾಲಿನ ಉರಿನೋವು ಪ್ರಧಾನವಾಗಿದ್ದು, ಮತ್ತೆ ಸರಿಪಡಿಸುವಂಥ ಒತ್ತಡವಿಲ್ಲವೆಂದು ಖಚಿತವಾಗಿ, ಔಷಧ ವ್ಯಾಯಾಮ ಎಲ್ಲ ಮುಗಿದವರಿಗೆ ಇದನ್ನು ಹೇಳುತ್ತೇನೆ. ಬರೀ ಸೊಂಟ ನೋವಿನವರಿಗೆ ಹಿಂಜರಿಯುತ್ತೇನೆ. ನಮ್ಮಲ್ಲಿ ಹಲವು ಲಕ್ಷ ರೂಪಾಯಿಯ ಮಾತು. ತಂತಿ ಸರಿಯಬಹುದು, ಸೋಂಕಾಗಬಹುದು, ಬ್ಯಾಟರಿ ಬದಲಿಸಬೇಕಾಗಬಹುದು. ಜಮೀನು ಅಡವಿಟ್ಟು ಹಾಕಿಸುತ್ತೇನೆಂದು ಬಂದವರನ್ನು ಎರಡು ಸಲ ವಾಪಸ್ ಕಳಿಸಿದ್ದೇನೆ, ಅದಕ್ಕೆ ವಿಷಾದವಿಲ್ಲ.

ಇನ್ನೊಂದು ಆಪರೇಷನ್ ಮಾಡಿಸಿಬಿಡಲೇ?

ತೋರಿಸಬಲ್ಲ, ಸರಿಪಡಿಸಬಲ್ಲ ಕಾರಣವಿದ್ದರೆ ಹೌದು: ಮತ್ತೆ ಜಾರಿದ ಡಿಸ್ಕ್, ಸಡಿಲವಾದ ಅಥವಾ ನರಕ್ಕೆ ತಾಗಿದ ಸ್ಕ್ರೂ, ಕೂಡದ ಮೂಳೆ, ಸೋಂಕು, ಹೆಚ್ಚುತ್ತಿರುವ ಕಾಲಿನ ದೌರ್ಬಲ್ಯ. 'ಒಮ್ಮೆ ತೆರೆದು ನೋಡೋಣ' ಎಂಬ ಕಾರಣಕ್ಕೆ ಬೇಡ. ಪ್ರತಿ ಮರು ಆಪರೇಷನ್ನಿಗೂ ಯಶಸ್ಸಿನ ಸಾಧ್ಯತೆ ಕುಗ್ಗುತ್ತದೆ. ಎರಡನೆಯ ಅಭಿಪ್ರಾಯ ಕೇಳುವುದು ಮೊದಲ ವೈದ್ಯರಿಗೆ ಮಾಡುವ ಅವಮಾನವಲ್ಲ. ಯಾವ ಮಟ್ಟದಲ್ಲಿ, ಯಾವ ನೋವಿಗೆ, ಎಷ್ಟು ಸುಧಾರಣೆ ನಿರೀಕ್ಷೆ ಎಂದು ಕೇಳಿ. ಉತ್ತರ ನಿಮಗೆ ಅರ್ಥವಾಗುವಂತಿಲ್ಲದಿದ್ದರೆ ಕಾಯಿರಿ. ಐವತ್ತು ದಾಟಿದ ಹೆಂಗಸರು ಮೂಳೆಯ ಸಾಂದ್ರತೆ ಪರೀಕ್ಷಿಸಿಕೊಂಡೇ ಮುಂದುವರಿಯಲಿ. ಟೊಳ್ಳು ಮೂಳೆಯಲ್ಲಿ ಸ್ಕ್ರೂ ನಿಲ್ಲುವುದಿಲ್ಲ.

ಆಯುರ್ವೇದ, ಯೋಗ, ನಾಟಿ ವೈದ್ಯರು?

ಕಟಿಬಸ್ತಿಯ ಬಿಸಿ ಎಣ್ಣೆ ಹಲವರಿಗೆ ಹಿತವೆನಿಸುತ್ತದೆ, ಗಾಯ ಪೂರ್ತಿ ಮಾಗಿದ್ದರೆ ನನ್ನ ತಕರಾರಿಲ್ಲ. ಚರ್ಮ ಮರಗಟ್ಟಿದ್ದವರಿಗೆ ಸುಟ್ಟರೂ ತಿಳಿಯುವುದಿಲ್ಲ, ಅದೊಂದು ಎಚ್ಚರ. ಯೋಗ ಒಳ್ಳೆಯದು, ಆದರೆ ಗುಂಪಿನಲ್ಲಿ ಎಲ್ಲರ ಜೊತೆ ಸೂರ್ಯನಮಸ್ಕಾರ ಹಾಕುವುದಲ್ಲ. ಸೇತುಬಂಧ, ಮಾರ್ಜಾಲಾಸನದ ಮೃದುವಾದ ರೂಪ, ಉಸಿರಾಟ, ಶವಾಸನ ಇವುಗಳಿಂದ ಆರಂಭ. ಪಶ್ಚಿಮೋತ್ತಾನಾಸನ, ಹಲಾಸನ ಬದಿಗಿರಲಿ. ನೆಟಿಗೆ ತೆಗೆಯುವುದು, ಬೆನ್ನು ತುಳಿಸುವುದು, ತಿರುಚಿ 'ಕೂರಿಸುವುದು' ಖಂಡಿತ ಬೇಡ. ಒಳಗೆ ಸ್ಕ್ರೂ ಇರುವ, ಮೂಳೆಯ ಭಾಗ ತೆಗೆದಿರುವ ಬೆನ್ನು ಅದು.

ಬೆಲ್ಟ್, ಹಾಸಿಗೆ, ಬಸ್ ಪ್ರಯಾಣ?

ಬೆಲ್ಟ್ ಪ್ರಯಾಣಕ್ಕೆ, ಕೆಟ್ಟ ದಿನಕ್ಕೆ. ದಿನವಿಡೀ ಕಟ್ಟಿದರೆ ಸ್ನಾಯು ಸೋಮಾರಿಯಾಗುತ್ತದೆ. ನೆಲದ ಮೇಲೆ ಚಾಪೆಯಲ್ಲೇ ಮಲಗಬೇಕೆಂಬ ನಿಯಮವಿಲ್ಲ. ಸ್ಪೇನಿನಲ್ಲಿ ದೀರ್ಘಕಾಲದ ಸೊಂಟ ನೋವಿನ 313 ಮಂದಿಯ ಮೇಲೆ ನಡೆದ 2003ರ ಪ್ರಯೋಗದಲ್ಲಿ ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿಯದೇ ಮೇಲೆನಿಸಿತು. ಬಸ್ಸಿನಲ್ಲಿ ಮುಂದಿನ ಹಿಂದಿನ ಚಕ್ರಗಳ ನಡುವಿನ ಸೀಟು ಹಿಡಿಯಿರಿ. ಹಿಂದಿನ ಸೀಟಿನಲ್ಲಿ ಕುಳಿತರೆ ಹಂಪು ಹಂಪೂ ಸೊಂಟಕ್ಕೆ. ಮನೆಯಲ್ಲಿ ಕುಳ್ಳ ಪೊರಕೆಯನ್ನು ಉದ್ದ ಹಿಡಿಯದಕ್ಕೆ ಬದಲಿಸುವುದು, ಶೌಚಕ್ಕೆ ಕಮೋಡ್ ಕುರ್ಚಿ ತರುವುದು, ಕೊಡಕ್ಕೆ ಬದಲು ಎರಡು ಸಣ್ಣ ಬಿಂದಿಗೆ. ಕೆಲವು ನೂರು, ಹೆಚ್ಚೆಂದರೆ ಒಂದೆರಡು ಸಾವಿರ ರೂಪಾಯಿಯ ಈ ಬದಲಾವಣೆಗಳು ನನ್ನ ಕೆಲವು ಇಂಜೆಕ್ಷನ್‌ಗಳಿಗಿಂತ ಹೆಚ್ಚು ಕೆಲಸ ಮಾಡಿವೆ.

ಖರ್ಚಿಗೆ ಸರ್ಕಾರದ ನೆರವು ಇದೆಯೇ? ಅಂಗವಿಕಲ ಕಾರ್ಡ್ ಸಿಗುತ್ತದೆಯೇ?

ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಯಾವ ಚಿಕಿತ್ಸೆ ಪಟ್ಟಿಯಲ್ಲಿದೆ, ಸರ್ಕಾರಿ ಆಸ್ಪತ್ರೆಯ ಶಿಫಾರಸು ಬೇಕೇ ಎಂಬುದನ್ನು ದಾಖಲಾಗುವ ಮೊದಲೇ ಕೌಂಟರಿನಲ್ಲಿ ಕೇಳಿ. ಖಾಸಗಿ ವಿಮೆಯವರಾದರೆ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ನೋವಿನ ಚಿಕಿತ್ಸೆಯನ್ನು ಹೆಚ್ಚಾಗಿ ಅರಿವಳಿಕೆ ವಿಭಾಗವೇ ನೋಡಿಕೊಳ್ಳುತ್ತದೆ, ಅಲ್ಲಿ ವಿಚಾರಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವರ್ಗಗಳಲ್ಲಿ ನೋವು ಇಲ್ಲ. ಕಾಲಿನ ಬಲ ಕುಂದಿದ್ದರೆ ಚಲನ ವೈಕಲ್ಯವೆಂದು ಅಳೆಯುತ್ತಾರೆ, ಹೆಚ್ಚಿನ ಸೌಲಭ್ಯಗಳಿಗೆ ಶೇ. 40 ಬೇಕು.

ಡಾಕ್ಟ್ರೇ, ಇನ್ನೊಂದು ವಿಷಯ...

ಬಾಗಿಲವರೆಗೆ ಹೋಗಿ, ಜೊತೆಗೆ ಬಂದವರನ್ನು ಹೊರಗೆ ಕಳಿಸಿ, ತಿರುಗಿ ಬಂದು ಕೇಳುವ ಪ್ರಶ್ನೆ ಇದು: ಗಂಡ ಹೆಂಡತಿ ಕೂಡಬಹುದೇ? ಕೂಡಬಹುದು. ಗಾಯ ಮಾಗಿ ನಡೆದಾಡುವಂತಾದ ಮೇಲೆ, ಸಾಮಾನ್ಯವಾಗಿ ಆರೇಳು ವಾರಕ್ಕೆ, ಅಡ್ಡಿಯಿಲ್ಲ; ರಾಡು ಹಾಕಿದ್ದರೆ ಸರ್ಜನ್ನರನ್ನು ಒಮ್ಮೆ ಕೇಳಿ. ನೋವಿರುವವರು ಕೆಳಗೆ, ಮೊಣಕಾಲಡಿ ದಿಂಬು ಇಟ್ಟುಕೊಂಡು, ಅಥವಾ ಇಬ್ಬರೂ ಒಂದೇ ಮಗ್ಗುಲಾಗಿ ಮಲಗಿದರೆ ಸೊಂಟಕ್ಕೆ ಭಾರ ಕಡಿಮೆ. ಡುಲೋಕ್ಸೆಟಿನ್, ಅಮಿಟ್ರಿಪ್ಟಿಲಿನ್, ಟ್ರಮಡಾಲ್ ಇವು ಆಸಕ್ತಿಯನ್ನು ಕುಂದಿಸಬಹುದು. ಅದನ್ನು ನಾಚಿಕೆಯಿಂದ ಮುಚ್ಚಿಟ್ಟು ಮಾತ್ರೆಯನ್ನೇ ಸದ್ದಿಲ್ಲದೆ ನಿಲ್ಲಿಸಿಬಿಡುವವರಿದ್ದಾರೆ. ಹೇಳಿದರೆ ಬದಲಿಸಿ ಕೊಡುತ್ತೇವೆ. ಜನನಾಂಗದ ಸುತ್ತ ಸ್ಪರ್ಶವೇ ತಿಳಿಯುತ್ತಿಲ್ಲ ಎಂದಾದರೆ ಮಾತ್ರ ಬಾಗಿಲ ಬಳಿಯಿಂದ ಒಳಗೆ ಬಂದು ಕುಳಿತುಕೊಳ್ಳಿ, ಅಂದೇ ಪರೀಕ್ಷಿಸಬೇಕು.